ಹೊಟ್ಟೆಯ ಉರಿ ನಮ್ಮದು, ಲಾಭ ಯಾರದು?

ನಮ್ಮ ಊರಿನ ಯಾವ ಗಿರಣಿಯ ಬಾಗಿಲಿಗೆ ಹೋಗಿ ನಿಂತರೂ ಎದುರಿನ ಬೀಡಾ ಅಂಗಡಿಯಲ್ಲಿ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಶಾಂಪೂ ಪೊಟ್ಟಣಗಳ ಮಾಲೆಯ ಪಕ್ಕದಲ್ಲಿಯೇ ಹೊಟ್ಟೆಯ ಉಪ್ಪಿನ ಪೊಟ್ಟಣಗಳ ಮಾಲೆಯೊಂದು ತೂಗಾಡುತ್ತಿರುತ್ತದೆ. ರಾತ್ರಿ ಪಾಳಿ ಮುಗಿಸಿ ಹೊರಬಂದ ಕಾಮಗಾರನು ಮೊದಲು ಕೇಳುವುದು ಚಹಾ. ಎರಡನೆಯದಾಗಿ ಕೇಳುವುದು ಆ ಪೊಟ್ಟಣ. ಅದನ್ನು ಹರಿದು ಅರ್ಧ ಲೋಟ ನೀರಿಗೆ ಸುರಿದು, ನೊರೆ ಉಕ್ಕುತ್ತಿರುವಾಗಲೇ ಗಟಗಟನೆ ಕುಡಿದು, ದೊಡ್ಡದೊಂದು ತೇಗು ತೇಗಿ, "ಗ್ಯಾಸ್ಟ್ರಿಕ್ ಹೋಯಿತು" ಎಂದು ಮನೆಯ ದಾರಿ ಹಿಡಿಯುತ್ತಾನೆ. ಅಂಗಡಿಕಾರನ ಪಾಡೂ ಬೇರೆಯಲ್ಲ. ಮಧ್ಯಾಹ್ನದ ಊಟ ಮೂರು ಗಂಟೆಗೆ, ರಾತ್ರಿಯದು ಹನ್ನೊಂದಕ್ಕೆ. ಅವನ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿಯೂ ಒಂದು ಮಾತ್ರೆಯ ಸ್ಟ್ರಿಪ್ಪು ಮಲಗಿರುತ್ತದೆ.

ಇತ್ತೀಚೆಗೆ ನಮ್ಮ ಓದುಗರೊಬ್ಬರು ಕಾರ್ಯಾಲಯಕ್ಕೆ ಬಂದು ಕೇಳಿದರು: "ಸ್ವಾಮಿ, ಇಷ್ಟೊಂದು ಬಗೆಯ ಪುಡಿ, ಮಾತ್ರೆ, ಸಿರಪ್ಪುಗಳಿವೆಯಲ್ಲ, ಇವುಗಳಲ್ಲಿ ಯಾವುದು ನಿಜವಾದದ್ದು, ಯಾವುದು ಸುಳ್ಳು? ಪತ್ರಿಕೆಯಲ್ಲಿ ಬರೆಯಬಾರದೆ?" ಪಕ್ಷದ ಪತ್ರಿಕೆಗೆ ಅಜೀರ್ಣದ ಗೊಡವೆ ಏಕೆಂದು ಕೆಲವರು ನಕ್ಕಾರು. ನಗಲಿ. ಕೂಲಿ ಹೆಚ್ಚಬೇಕೆಂದು ಬರೆಯುವ ಪತ್ರಿಕೆಯು ಆ ಕೂಲಿ ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂಬುದನ್ನೂ ತೋರಿಸಬೇಕಾಗುತ್ತದೆ. ದಿನಕ್ಕೆ ಒಂದು ಪೊಟ್ಟಣ, ವಾರಕ್ಕೆ ಒಂದು ಸ್ಟ್ರಿಪ್ಪು, ತಿಂಗಳಿಗೆ ಒಂದು ಬಾಟಲಿ ಎಂದು ಲೆಕ್ಕ ಹಾಕಿದರೆ, ಹೋರಾಡಿ ಪಡೆದ ತುಟ್ಟಿಭತ್ಯೆಯ ಒಂದು ಪಾಲು ಎಲ್ಲಿಗೆ ಹೋಯಿತೆಂಬುದು ಗೊತ್ತಾದೀತು. ಹಣದ ಮಾತು ಹಾಗಿರಲಿ, ಕೆಲವೊಮ್ಮೆ ಹೋಗುವುದು ಪ್ರಾಣ. ಆ ಮಾತಿಗೆ ಆಮೇಲೆ ಬರುತ್ತೇವೆ.

ನಾವು ವೈದ್ಯರಲ್ಲ, ಯಾರಿಗೂ ಔಷಧ ಬರೆದುಕೊಡುವ ಅಧಿಕಾರ ನಮಗಿಲ್ಲ. ಆದರೆ ಸಂತೆಯಲ್ಲಿ ಬದನೆಕಾಯಿ ಕೊಳ್ಳುವವನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾನೆ. ಹೊಟ್ಟೆಗೆ ಇಳಿಯುವ ಔಷಧವನ್ನು ಮಾತ್ರ ಕಣ್ಣುಮುಚ್ಚಿ ಕೊಳ್ಳಬೇಕೆ? ಔಷಧವನ್ನೂ ತಿರುಗಿಸಿ ನೋಡುವುದಕ್ಕೆ ನಾಲ್ಕು ಪ್ರಶ್ನೆಗಳು ಸಾಕು. ಒಂದು: ಇದರೊಳಗೆ ಏನಿದೆ? ಎರಡು: ಹೇಳಿದ ಕೆಲಸವನ್ನು ಇದು ಮಾಡುತ್ತದೆಂಬುದಕ್ಕೆ ರುಜುವಾತು ಏನು? ಮೂರು: ಇದರಿಂದ ಆಗಬಹುದಾದ ಕೇಡೇನು? ನಾಲ್ಕು: ಬೆಲೆ ಎಷ್ಟು, ಎಷ್ಟು ದಿನ ತೆಗೆದುಕೊಳ್ಳಬೇಕು, ಯಾವಾಗ ನಿಲ್ಲಿಸಬೇಕು?

ಈ ಪ್ರಶ್ನೆಗಳು ನಾವು ಹುಟ್ಟಿಸಿದವಲ್ಲ. ಬಂಡವಾಳಶಾಹಿಯ ತವರುಮನೆಯಾದ ಅಮೆರಿಕದಲ್ಲಿಯೇ ಜನರ ಒತ್ತಾಯದಿಂದ ಇವು ಕಾನೂನಾದವು. ಥ್ಯಾಲಿಡೊಮೈಡ್ ಎಂಬ ಔಷಧದಿಂದ ಯೂರೋಪಿನಲ್ಲಿ ಸಾವಿರಾರು ಕೂಸುಗಳು ಅಂಗಹೀನವಾಗಿ ಹುಟ್ಟಿದ ಮೇಲೆ, 1962ರಲ್ಲಿ ಅಲ್ಲಿ ಒಂದು ಕಾಯಿದೆಯಾಯಿತು: ಔಷಧವು ಕೇಡು ಮಾಡುವುದಿಲ್ಲವೆಂದರೆ ಸಾಲದು, ಗುಣ ಮಾಡುತ್ತದೆಂಬುದನ್ನೂ ತಯಾರಕನೇ ಸಾಬೀತುಮಾಡಬೇಕು. ಹತ್ತು ವರ್ಷಗಳ ನಂತರ, 1972ರಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧಗಳೆಲ್ಲವನ್ನೂ ಅಲ್ಲಿನ ಸರಕಾರ ತಜ್ಞರ ಮುಂದೆ ಹಾಕಿತು. ಮೊಟ್ಟಮೊದಲು ಪರೀಕ್ಷೆಗೆ ಬಂದದ್ದು ಯಾವುದೆಂದು ಬಲ್ಲಿರಾ? ಹೊಟ್ಟೆಯ ಹುಳಿಯನ್ನು ಮುರಿಯುವ ಔಷಧಗಳೇ. ತಜ್ಞರು ವಸ್ತುಗಳನ್ನು ಮೂರು ರಾಶಿ ಮಾಡಿದರು: ಸುರಕ್ಷಿತವೂ ಗುಣಕಾರಿಯೂ ಆದವು ಒಂದು ರಾಶಿ, ಅಲ್ಲದವು ಎರಡನೆಯದು, ಹೇಳಲು ಸಾಕಷ್ಟು ರುಜುವಾತು ಇಲ್ಲದವು ಮೂರನೆಯದು. 1974ರಲ್ಲಿ ನಿಯಮ ಹೊರಬಿತ್ತು. ಒಂದು ಪ್ರಮಾಣದ ಔಷಧವು ಪ್ರಯೋಗಶಾಲೆಯಲ್ಲಿ ಇಷ್ಟು ಆಮ್ಲವನ್ನಾದರೂ ಮುರಿಯಲೇಬೇಕೆಂದು ಅಳತೆ ಗೊತ್ತುಮಾಡಿದರು. ಹಲವು ವಸ್ತು ಬೆರೆಸಿದ್ದರೆ ಪ್ರತಿಯೊಂದೂ ಆ ಕೆಲಸದ ಕಾಲುಪಾಲನ್ನಾದರೂ ಮಾಡಬೇಕು, ಹೆಸರಿಗೆ ಒಂದು ಚಿಟಿಕೆ ಹಾಕಿ ಡಬ್ಬಿಯ ಮೇಲೆ ಉದ್ದ ಪಟ್ಟಿ ಬರೆಯುವಂತಿಲ್ಲ ಎಂದರು. ಪೂರ್ತಿ ಪ್ರಮಾಣದಲ್ಲಿ ಎರಡು ವಾರಕ್ಕಿಂತ ಹೆಚ್ಚು ದಿನ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದೆಂದು ಡಬ್ಬಿಯ ಮೇಲೆಯೇ ಬರೆಯಿಸಿದರು.

ಈಗ ಇದೇ ಗರಡಿಯಿಂದ ನಮ್ಮ ಅಂಗಡಿಯ ಸರಕನ್ನು ನೋಡೋಣ.

ಮೊದಲನೆಯದು ನೊರೆಯುಕ್ಕುವ ಉಪ್ಪು. ಇಂಥ ಪೊಟ್ಟಣಗಳನ್ನು ತಿರುಗಿಸಿ ನೋಡಿದರೆ 'ಸ್ವರ್ಜಿಕಾಕ್ಷಾರ', 'ನಿಂಬುಕಾಮ್ಲ' ಎಂಬ ಗಂಭೀರ ಹೆಸರುಗಳು ಕಾಣುತ್ತವೆ. ಆಯುರ್ವೇದ ಔಷಧವೆಂಬ ಪರವಾನಗಿಯ ಮೇಲೆ ಇವು ಮಾರಾಟವಾಗುವುದುಂಟು. ಸಂಸ್ಕೃತದ ಪರದೆ ಸರಿಸಿದರೆ ಒಳಗಿರುವುದು ನಮ್ಮ ಮನೆಯ ಅಡುಗೆ ಸೋಡಾ ಮತ್ತು ನಿಂಬೆಯ ಹುಳಿ, ಅಷ್ಟೆ! ಇದು ಮೋಸವೆಂದು ನಾವು ಹೇಳುವುದಿಲ್ಲ. ಸೋಡಾ ಹೊಟ್ಟೆಯ ಆಮ್ಲವನ್ನು ಮುರಿಯುವುದು ನಿಜ. ಬೇಗ ಮುರಿಯುವುದೂ ನಿಜ. ಆದರೆ ಆ ದೊಡ್ಡ ತೇಗನ್ನು ಕುರಿತು ಒಂದು ಮಾತು. ಸೋಡಾವು ಹುಳಿಯೊಡನೆ ಸೇರಿದಾಗ ಗಾಳಿ ಹುಟ್ಟುತ್ತದೆ. ಹೊಟ್ಟೆಯ ಗ್ಯಾಸು ಹೋಯಿತೆಂದು ನಾವು ಹಿಗ್ಗುವ ತೇಗಿನಲ್ಲಿ ಬಹುಪಾಲು ಗಾಳಿ ಆ ಪೊಟ್ಟಣವೇ ತಂದುಹಾಕಿದ್ದು. ನಮ್ಮ ಕಾಸಿಗೆ ಗಾಳಿ ಕೊಂಡು, ಅದನ್ನೇ ಹೊರಗೆ ಬಿಟ್ಟು, ಗುಣವಾಯಿತೆನ್ನುತ್ತೇವೆ!

ಕೇಡು ಏನು? ಸೋಡಾ ಎಂದರೆ ಸೋಡಿಯಂ. ಒಂದು ಗ್ರಾಂ ಅಡುಗೆ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಬ್ಬ ಮನುಷ್ಯನಿಗೆ ಇಡೀ ದಿನಕ್ಕೆ 2,000 ಮಿಲಿಗ್ರಾಂ, ಅಂದರೆ ಸುಮಾರು 5 ಗ್ರಾಂ ಉಪ್ಪು, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೊಟ್ಟಣದಲ್ಲಿ 2 ಗ್ರಾಂ ಸೋಡಾ ಇದ್ದರೆ ಒಂದೇ ಗುಟುಕಿಗೆ ದಿನದ ಮಿತಿಯ ಕಾಲುಭಾಗಕ್ಕೂ ಮಿಕ್ಕಿ ಒಳಗೆ ಹೋಯಿತು. ರಕ್ತದೊತ್ತಡ, ಹೃದಯರೋಗ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಆಟದ ಮಾತಲ್ಲ. ಎಂದೋ ಹಬ್ಬದೂಟ ಹೆಚ್ಚಾದ ದಿನ ಒಂದು ಪೊಟ್ಟಣ ಕುಡಿದರೆ ಅಡ್ಡಿಯಿಲ್ಲ. ದಿನಾ ಬೇಕೆನ್ನುವವನು ಪೊಟ್ಟಣ ಬದಲಿಸಿ ಪ್ರಯೋಜನವಿಲ್ಲ. ವೈದ್ಯರ ಬಳಿಗೆ ಹೋಗಬೇಕು.

ಎರಡನೆಯದು ಗುಲಾಬಿ ಬಣ್ಣದ, ಹಾಲಿನಂಥ ಸಿರಪ್ಪು ಮತ್ತು ಅಗಿಯುವ ಮಾತ್ರೆಗಳು. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯುಮಿನಿಯಂ ಮತ್ತು ಮೆಗ್ನೀಸಿಯಂನ ಲವಣಗಳು. ಮೊದಲನೆಯದು ಮಲ ಕಟ್ಟಿಸುತ್ತದೆ, ಎರಡನೆಯದು ಸಡಿಲಿಸುತ್ತದೆ. ಅದಕ್ಕೇ ಎರಡನ್ನೂ ಜೋಡಿ ಕಟ್ಟಿರುತ್ತಾರೆ. ಇವು ರುಜುವಾತು ಇರುವ ಔಷಧಗಳೇ. ಜೊತೆಗೆ ಗಾಳಿಯ ಗುಳ್ಳೆಯೊಡೆಯುವ ಸಿಮೆಥಿಕೋನ್ ಸೇರಿಸಿರುವುದುಂಟು. ಆದರೆ ಒಂದು ಎಚ್ಚರಿಕೆ ಯಾರೂ ಹೇಳುವುದಿಲ್ಲ: ಇವು ಇತರ ಔಷಧಗಳನ್ನು ಹೊಟ್ಟೆಯಲ್ಲಿಯೇ ಹಿಡಿದುಹಾಕುತ್ತವೆ. ರಕ್ತಹೀನತೆಗೆಂದು ಕೊಟ್ಟ ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ, ಕೆಲವು ಆಂಟಿಬಯೋಟಿಕ್‌ಗಳು ಇವುಗಳ ಜೊತೆಗೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಎಷ್ಟು ಹೊತ್ತಿನ ಅಂತರ ಬೇಕೆಂಬುದನ್ನು ಔಷಧ ಕೊಡುವವರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಮೂರನೆಯದು 'ಜೀರ್ಣಶಕ್ತಿ' ಸಿರಪ್ಪುಗಳು. ಏಲಕ್ಕಿ, ಅನಾನಸು ಮೊದಲಾದ ರುಚಿಗಳಲ್ಲಿ ಬರುವ, ಊಟವಾದ ಮೇಲೆ ಎರಡು ಚಮಚ ಎಂದು ಹೇಳುವ ಬಾಟಲಿಗಳಿವು. ಒಳಗಿರುವುದು ಡಯಾಸ್ಟೇಸ್, ಪೆಪ್ಸಿನ್, ಪಪಾಯದ ಹಾಲಿನಿಂದ ತೆಗೆದ ಪಪೈನ್ ಮೊದಲಾದವು. ಪೆಪ್ಸಿನ್ ನಮ್ಮ ಹೊಟ್ಟೆ ತಾನಾಗಿಯೇ ತಯಾರಿಸುವ ವಸ್ತು. ಹೊಲದಲ್ಲಿ ಬಾವಿಯಿರುವವನಿಗೆ ಕೊಡದಲ್ಲಿ ನೀರು ಮಾರಿದಂತಾಯಿತು! 1990ರ ದಶಕದ ಆರಂಭದಲ್ಲಿ ಅಮೆರಿಕದ ಔಷಧ ಇಲಾಖೆ ಪೆಪ್ಸಿನ್, ಪಪೈನ್ ಮೊದಲಾದ ಇಂಥ ಅನೇಕ ವಸ್ತುಗಳಿಗೆ ಸಾಕಷ್ಟು ರುಜುವಾತಿಲ್ಲವೆಂದು ತೀರ್ಮಾನಿಸಿ, ಜೀರ್ಣಕಾರಿ ಔಷಧವೆಂಬ ಹೆಸರಿನಲ್ಲಿ ಅವನ್ನು ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು. ಮೇದೋಜೀರಕ ಗ್ರಂಥಿ ಕೆಟ್ಟಿರುವ ರೋಗಿಗಳಿಗೆ ಕಿಣ್ವದ ಔಷಧ ನಿಜಕ್ಕೂ ಬೇಕಾಗುತ್ತದೆ. ಅದು ವೈದ್ಯರು ಅಳೆದು ಕೊಡುವ ಬೇರೆ ಔಷಧ. ಹಸಿವಿಲ್ಲದ ಮಗುವಿಗೂ, ದಣಿದುಬಂದ ಕಾಮಗಾರನಿಗೂ ಒಂದೇ ಬಾಟಲಿ ಮಾರುವವರಿಗೆ ಅದರ ಹೆಸರು ಹೇಳುವ ಹಕ್ಕಿಲ್ಲ. ಇಲ್ಲಿ ಹೋಗುವುದು ಮುಖ್ಯವಾಗಿ ಹಣವೇ.

ನಾಲ್ಕನೆಯದು ಆಮ್ಲ ಹುಟ್ಟುವುದನ್ನೇ ತಡೆಯುವ ಮಾತ್ರೆಗಳು: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಇತ್ಯಾದಿ. ಇವು ಸುಳ್ಳು ಔಷಧಗಳಲ್ಲ. ಹುಣ್ಣಾದವರಿಗೆ ಸಂಜೀವಿನಿಯಂತೆ ಕೆಲಸ ಮಾಡಿವೆ. ತೊಂದರೆ ಬೇರೆಯೇ ಇದೆ. ಸ್ಟ್ರಿಪ್ಪಿನ ಮೇಲೆ ವೈದ್ಯರ ಚೀಟಿ ಬೇಕೆಂದು ಅಚ್ಚಾಗಿದ್ದರೂ, ನಮ್ಮಲ್ಲಿ ಇವನ್ನು ಪೆಪ್ಪರಮಿಂಟಿನಂತೆ ಕೊಡುತ್ತಾರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಎಂದು ವರ್ಷಗಟ್ಟಲೆ ನುಂಗುವವರು ನಮ್ಮ ಓದುಗರಲ್ಲಿಯೇ ಇದ್ದಾರೆ. ಅಮೆರಿಕದಲ್ಲಿ 2003ರಿಂದ ಒಮೆಪ್ರಜೋಲ್ ಚೀಟಿಯಿಲ್ಲದೆ ಸಿಗುತ್ತದೆ ಸರಿ. ಆದರೆ ಡಬ್ಬಿಯ ಮೇಲಿನ ಅಪ್ಪಣೆ ಏನು? ಒಂದು ಸಲಕ್ಕೆ 14 ದಿನ ಮಾತ್ರ. ಮತ್ತೆ ಬೇಕಾದರೆ ನಾಲ್ಕು ತಿಂಗಳು ಬಿಟ್ಟು. ಬಹುಕಾಲ ನುಂಗಿದವರಲ್ಲಿ ಮೆಗ್ನೀಸಿಯಂ ಮತ್ತು ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಥಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕಿ, "ನೋಡಿ, ಮಾತ್ರೆಯಿಲ್ಲದೆ ಬದುಕಿಲ್ಲ" ಎನ್ನಿಸುತ್ತದೆ. ಬಿಡುವುದಿದ್ದರೂ ವೈದ್ಯರನ್ನು ಕೇಳಿ ಮೆಲ್ಲನೆ ಬಿಡಬೇಕು. ವೈದ್ಯರು ಕಾರಣವಿದ್ದು ಬರೆದುಕೊಟ್ಟವರು ನಮ್ಮ ಲೇಖನ ಓದಿ ಮಾತ್ರೆ ಎಸೆಯಬಾರದೆಂದೂ ಕೇಳಿಕೊಳ್ಳುತ್ತೇವೆ.

ಐದನೆಯದು ಇಸಬಗೋಲು. ಗುಜರಾತು, ರಾಜಸ್ಥಾನಗಳ ಹೊಲದಲ್ಲಿ ಬೆಳೆಯುವ ಈ ಹೊಟ್ಟು ಮಲಬದ್ಧತೆಗೆ ರುಜುವಾತುಳ್ಳ ಔಷಧ. ಧಾರಾಳ ನೀರಿನೊಡನೆ ಕುಡಿಯಬೇಕು. ಒಣದಾಗಿ ನುಂಗಿದರೆ ಗಂಟಲಲ್ಲಿಯೇ ಉಬ್ಬಿಕೊಂಡೀತು. ಇಲ್ಲಿ ನೋಡಬೇಕಾದದ್ದು ತೂಕ ಮತ್ತು ಬೆಲೆ. ಬಣ್ಣ, ಸಕ್ಕರೆ, ಕಿತ್ತಳೆಯ ವಾಸನೆ ಸೇರಿಸಿದ ಡಬ್ಬಿಯಲ್ಲಿ ಹೊಟ್ಟು ಎಷ್ಟು, ಉಳಿದದ್ದೆಷ್ಟು ಎಂದು ಓದಿ, ಸಾದಾ ಹೊಟ್ಟಿನ ಪೊಟ್ಟಣದೊಡನೆ ತಾಳೆ ನೋಡಿ. ಸಣ್ಣ ವ್ಯಾಪಾರಿಗಳಿಗೆ ಈ ಲೆಕ್ಕ ಹೇಳಿಕೊಡಬೇಕಾದ್ದಿಲ್ಲ.

ಇಷ್ಟು ಕಟುವಾಗಿ ಏಕೆ ಕೇಳಬೇಕು, ಹೊಟ್ಟೆಯ ಔಷಧದಿಂದ ಏನು ಮಹಾ ಕೇಡಾದೀತು ಎನ್ನುವವರು ಜಪಾನಿನ ಕಥೆಯನ್ನು ಕೇಳಬೇಕು. ಅಲ್ಲಿ ಭೇದಿಗೆ, ಅಜೀರ್ಣಕ್ಕೆ ಕ್ಲಿಯೋಕ್ವಿನಾಲ್ ಎಂಬ ಔಷಧ ಮನೆಮನೆಯಲ್ಲಿ ಬಳಕೆಯಲ್ಲಿತ್ತು. 1950ರ ದಶಕದ ನಡುವಿನಿಂದ ವಿಚಿತ್ರ ರೋಗವೊಂದು ಕಾಣಿಸಿಕೊಂಡಿತು. ಕಾಲು ಜೋಮು ಹಿಡಿದು, ನಡಿಗೆ ತಪ್ಪಿ, ಕೆಲವರ ಕಣ್ಣೇ ಹೋಯಿತು. ಅಂಟುರೋಗವೆಂದು ತಿಳಿದು ನೆರೆಹೊರೆಯವರು ರೋಗಿಗಳನ್ನು ದೂರವಿಟ್ಟರು. ಕೊನೆಗೆ ಬೆರಳು ನೆಟ್ಟದ್ದು ಆ ಔಷಧದತ್ತ. 1970ರ ಸೆಪ್ಟೆಂಬರಿನಲ್ಲಿ ಜಪಾನ್ ಸರಕಾರ ಮಾರಾಟ ನಿಲ್ಲಿಸಿತು; ಹೊಸ ರೋಗಿಗಳು ಬರುವುದೂ ನಿಂತುಹೋಯಿತೆನ್ನಬಹುದು. ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಬಲಿಪಶುಗಳಾಗಿದ್ದರು. ಅವರು ಸಂಘಟಿತರಾಗಿ ಸರಕಾರವನ್ನೂ ಕಂಪನಿಗಳನ್ನೂ ಕೋರ್ಟಿಗೆಳೆದು 1978ರಲ್ಲಿ ಟೋಕಿಯೋದಲ್ಲಿ ಗೆದ್ದರು. ಆದರೂ ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿ ಆ ಔಷಧವನ್ನು ಜಗತ್ತಿನ ಇತರ ದೇಶಗಳ ಮಾರುಕಟ್ಟೆಯಿಂದ ಪೂರ್ತಿ ಹಿಂತೆಗೆದುಕೊಂಡದ್ದು 1980ರ ದಶಕದ ನಡುವಿನಲ್ಲಿ. ಜಪಾನಿಯರ ಕಾಲು ಕಾಲು. ಬಡದೇಶಗಳವರ ಕಾಲು ಕಾಲಲ್ಲವೆ?

ಇದು ಹಳೆಯ ಮಾತೆನ್ನಬೇಡಿ. ಹೃದಯದ ಬಡಿತವನ್ನು ಕೆಡಿಸುತ್ತದೆಂದು ಅಮೆರಿಕದ ಮಾರುಕಟ್ಟೆಯಿಂದ 2000ದಲ್ಲಿ ಹೊರಬಿದ್ದ ಸಿಸಾಪ್ರೈಡ್ ಎಂಬ ಹೊಟ್ಟೆಯ ಔಷಧ ನಮ್ಮ ದೇಶದಲ್ಲಿ ನಿಷೇಧವಾದದ್ದು 2011ರಲ್ಲಿ. ನಡುವಿನ ಹನ್ನೊಂದು ವರ್ಷ ಯಾರ ಲಾಭಕ್ಕೆ? ಎದೆಯುರಿಗೆ ದಶಕಗಳ ಕಾಲ ನುಂಗಿದ ರ‍್ಯಾನಿಟಿಡಿನ್ ಮಾತ್ರೆಯಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಷ ಉಂಟೆಂದು 2019ರಲ್ಲಿ ಹೊರಬಿದ್ದು, 2020ರ ಏಪ್ರಿಲಿನಲ್ಲಿ ಅಮೆರಿಕ ಅದನ್ನು ಹಿಂತೆಗೆಯಿಸಿತು. ನಮ್ಮ ಸರಕಾರ 2022ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಅದರ ಹೆಸರನ್ನು ಕೈಬಿಟ್ಟಿತು. ಆ ಸುದ್ದಿ ನಮ್ಮ ಹಳ್ಳಿಯ ಔಷಧ ಅಂಗಡಿಗೆ ಕನ್ನಡದಲ್ಲಿ ತಲುಪಿಸಿದವರು ಯಾರು?

ಇನ್ನು ಭೇದಿಯ ಮಾತು. ಇಲ್ಲಿ ಅಗ್ಗದ ಔಷಧವೇ ಅತ್ಯುತ್ತಮ ಔಷಧ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಬನಗಾಂವಿನಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ-ಉಪ್ಪಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಅದರ ಕೀರ್ತಿ ಮಾರುಕಟ್ಟೆಯ ಕಣ್ಣಿಗೆ ಬೀಳದಿದ್ದೀತೆ? ಸಕ್ಕರೆ ತುಂಬಿದ ಬಣ್ಣದ ಪಾನೀಯಗಳ ಡಬ್ಬಿಯ ಮೇಲೂ 'ಓಆರ್‌ಎಸ್' ಎಂಬ ಅಕ್ಷರಗಳು ಬಂದವು. ಸಕ್ಕರೆ ಹೆಚ್ಚಾದರೆ ಮಗುವಿನ ಭೇದಿ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳು ಆ ಹೆಸರು ಬಳಸಕೂಡದೆಂದು ಆಜ್ಞೆ ಮಾಡಿತು. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೆಂದು ಬರೆದ ಪುಡಿಯನ್ನೇ ಕೇಳಿ. ಸರಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಕೇಳಿದರೆ ಪುಕ್ಕಟೆ ಸಿಗುತ್ತದೆ. ಪುಡಿ ಸಿಗದ ಹೊತ್ತಿನಲ್ಲಿ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟ ಚಹಾಚಮಚ ಸಕ್ಕರೆ, ಅರ್ಧ ಮಟ್ಟ ಚಹಾಚಮಚ ಉಪ್ಪು. ಅಳತೆ ತಪ್ಪಬಾರದು. ಮಲದಲ್ಲಿ ರಕ್ತವಿದ್ದರೆ, ಮಗು ಸೊರಗಿ ಮಂಕಾಗಿದ್ದರೆ ಆಸ್ಪತ್ರೆಗೆ ಓಡಿ. ಭೇದಿ ಕಟ್ಟಿಸುವ ಮಾತ್ರೆಯನ್ನು ಮಕ್ಕಳಿಗೆ ನೀವಾಗಿ ಕೊಡಬೇಡಿ.

ಈಗ ಪ್ರಾಣದ ಮಾತಿಗೆ ಬರುತ್ತೇವೆ. ನಮಗೆ ಪರಿಚಯದ ಹಮಾಲಿಯೊಬ್ಬ, ವಯಸ್ಸು ನಲವತ್ತೆಂಟು. ಒಂದು ರಾತ್ರಿ ಎದೆ ಹಿಂಡಿದಂತಾಯಿತು, ಮೈಯೆಲ್ಲ ಬೆವರಿತು. ಮನೆಯವರು "ಗ್ಯಾಸ್ಟ್ರಿಕ್ ಇರಬೇಕು" ಎಂದು ಪೊಟ್ಟಣ ಕಲಸಿಕೊಟ್ಟರು. ತೇಗು ಬಂತು, ಸಮಾಧಾನವಾಯಿತೆಂದು ಮಲಗಿದ. ಒಂದು ಗಂಟೆ ಬಿಟ್ಟು ಇನ್ನೊಂದು ಪೊಟ್ಟಣ. ಬೆಳಕು ಹರಿಯುವ ಮೊದಲೇ ತೀರಿಕೊಂಡ. ಅದು ಹೃದಯಾಘಾತವಾಗಿತ್ತು. ಅವನ ಹೆಂಡತಿ ಇಂದಿಗೂ ಹೇಳುವ ಮಾತು ಒಂದೇ: "ಗ್ಯಾಸ್ ಅಂದ್ಕೊಂಡ್ವಿ ಅಣ್ಣ." ಇಂಥ ಮಾತನ್ನು ನಮ್ಮ ಓದುಗರಲ್ಲಿ ಎಷ್ಟು ಮಂದಿ ತಮ್ಮ ಓಣಿಯಲ್ಲಿಯೇ ಕೇಳಿಲ್ಲ?

ಆದುದರಿಂದ ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಎದೆ ಹಿಂಡುವುದು, ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು: ಇವು ಕಂಡರೆ ಪೊಟ್ಟಣ ಹುಡುಕಬೇಡಿ, 108ಕ್ಕೆ ಫೋನು ಮಾಡಿ, ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಅಷ್ಟಾಗಿ ಕಾಣದೆ ಬರಿ ಹೊಟ್ಟೆ ತೊಳಸಿದಂತೆ ಆಗುವುದೂ ಉಂಟು. ಮಲ ಡಾಂಬರಿನಂತೆ ಕಪ್ಪಾಗುವುದು, ರಕ್ತ ವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಎರಡು ವಾರ ಕಳೆದರೂ ಬಿಡದ ಹೊಟ್ಟೆಯುರಿ: ಇವುಗಳಿಗೂ ಅಂಗಡಿಯ ಔಷಧವಿಲ್ಲ.

ಹೊಟ್ಟೆ ಹುಣ್ಣಿನ ವಿಷಯದಲ್ಲಂತೂ ಒಂದು ದೊಡ್ಡ ತಿಳುವಳಿಕೆ ಬಂದಿದೆ. ಖಾರ ಹೆಚ್ಚು, ಚಿಂತೆ ಹೆಚ್ಚು ಎಂದು ಎಲ್ಲರೂ ರೋಗಿಯನ್ನೇ ದೂರುತ್ತಿದ್ದ ಕಾಲದಲ್ಲಿ, 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬ ವೈದ್ಯರು ಬಹುಪಾಲು ಹುಣ್ಣುಗಳ ಹಿಂದೆ ಇರುವ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಕಾಯಿಲೆ ಬೀಳಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಅಂದಮೇಲೆ ಪರೀಕ್ಷೆ ಮಾಡಿಸಿ, ಸುಮಾರು ಎರಡು ವಾರ ಸರಿಯಾದ ಔಷಧ ತೆಗೆದುಕೊಂಡರೆ ಬೇರಿನಿಂದಲೇ ಹೋಗಬಹುದಾದ ರೋಗಕ್ಕೆ ನಮ್ಮ ಜನ ಇಪ್ಪತ್ತು ವರ್ಷ ಪುಡಿ ಕುಡಿಯುತ್ತಿದ್ದಾರೆ! ಹುಣ್ಣಿಗೆ ಇನ್ನೊಂದು ಕಾರಣ ನೋವಿನ ಮಾತ್ರೆಗಳು. ಮೂಟೆ ಹೊತ್ತ ಬೆನ್ನಿಗೆ ನೋವಿನ ಮಾತ್ರೆ, ಅದು ಸುಟ್ಟ ಹೊಟ್ಟೆಗೆ ಉರಿಯ ಮಾತ್ರೆ. ಎರಡೂ ಕಡೆ ಗಲ್ಲಾ ತುಂಬುವುದು ಒಬ್ಬನದೇ.

ಮತ್ತೆ, ಹೊಟ್ಟೆ ಉರಿಯುವುದಾದರೂ ಏಕೆ? ಐದು ಗಂಟೆಗಿಂತ ಹೆಚ್ಚು ಕಾಲ ಬಿಡುವಿಲ್ಲದೆ ದುಡಿಸಕೂಡದು, ಅರ್ಧ ಗಂಟೆ ವಿರಾಮ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. 250ಕ್ಕೂ ಹೆಚ್ಚು ಮಂದಿ ದುಡಿಯುವಲ್ಲಿ ಕ್ಯಾಂಟೀನು ಬೇಕೆಂದೂ ಹೇಳಿತ್ತು; 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಆ ಸಂಖ್ಯೆಯನ್ನು ಗುತ್ತಿಗೆಯವರೂ ಸೇರಿ 100ಕ್ಕೆ ಇಳಿಸಿದೆ. ಕಾಗದದ ಮೇಲಿನ ಕ್ಯಾಂಟೀನಿನಲ್ಲಿ ಅನ್ನ ಬೇಯುವುದಿಲ್ಲ. ಹೊತ್ತಿಗೆ ಸರಿಯಾದ ಊಟ, ಶುದ್ಧವಾದ ನೀರು, ಉಂಡು ಕೂರಲು ಒಂದು ಬೆಂಚು ಇಲ್ಲದಲ್ಲಿ ಬರಿಹೊಟ್ಟೆಗೆ ಚಹಾ, ಬೀಡಿ, ಎಲೆಯಡಿಕೆ, ಸಂಜೆಗೆ ಮಂಡಕ್ಕಿ-ಮೆಣಸಿನಕಾಯಿ: ಉರಿಯದೆ ಇನ್ನೇನಾದೀತು? ಗಿರಣಿಯ ಧಣಿ ಕೊಡದ ಅರ್ಧ ಗಂಟೆಯ ಬೆಲೆಯನ್ನು ಕಾಮಗಾರನು ಪೊಟ್ಟಣದ ರೂಪದಲ್ಲಿ ತೆರುತ್ತಿದ್ದಾನೆ.

ಕಾನೂನಿಲ್ಲವೆಂದಲ್ಲ. 1954ರಷ್ಟು ಹಿಂದೆಯೇ ಆಕ್ಷೇಪಾರ್ಹ ಔಷಧ ಜಾಹೀರಾತುಗಳ ಕಾಯಿದೆ ಬಂತು. ಜಠರ-ಕರುಳಿನ ಹುಣ್ಣನ್ನು ವಾಸಿಮಾಡುತ್ತೇವೆಂದು ಜಾಹೀರಾತು ಹಾಕುವುದು ಅದರಂತೆ ಅಪರಾಧ. 2024ರಲ್ಲಿ ಇಂಥ ಜಾಹೀರಾತುಗಳ ಮೊಕದ್ದಮೆಯಲ್ಲಿ ಪತಂಜಲಿಯಂಥ ಭಾರಿ ಕಂಪನಿಯೇ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಿ, ಪತ್ರಿಕೆಗಳಲ್ಲಿ ಕ್ಷಮಾಪಣೆ ಅಚ್ಚುಹಾಕಿಸಬೇಕಾಯಿತು. 1975ರಲ್ಲಿಯೇ ಹಾಥಿ ಸಮಿತಿ, ವಿದೇಶಿ ಔಷಧ ಕಂಪನಿಗಳನ್ನು ರಾಷ್ಟ್ರೀಕರಿಸಬೇಕು, ಕಂಪನಿಯ ಹೆಸರು ಬಿಟ್ಟು ಔಷಧದ ಮೂಲ ಹೆಸರಿನಲ್ಲಿಯೇ ಮಾರುವ ಪದ್ಧತಿ ಹಂತಹಂತವಾಗಿ ಬರಬೇಕು ಎಂದಿತ್ತು. ಐವತ್ತು ವರ್ಷ ಕಳೆದರೂ ಆ ವರದಿ ಕಪಾಟು ಕಾಯುತ್ತಿದೆ. 2013ರ ಬೆಲೆ ನಿಯಂತ್ರಣ ಆಜ್ಞೆ ಅಗತ್ಯ ಪಟ್ಟಿಯ ಔಷಧಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಪಟ್ಟಿಯಲ್ಲಿಲ್ಲದವುಗಳ ಬೆಲೆಯನ್ನು ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರಿಸಲು ದಾರಿ ಬಿಟ್ಟಿತು. ಒಂದು ಔಷಧಕ್ಕೆ ಇನ್ನೊಂದನ್ನು ಬೆಸೆದು ಪಟ್ಟಿಯಿಂದ ನುಣುಚಿಕೊಳ್ಳುವುದು ಬಲ್ಲವರಿಗೆ ಕಷ್ಟವಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಾಗದದ ಸಾಲ ತೀರಿಸಲೆಂದು ನಮ್ಮ ಈ ಪತ್ರಿಕೆಯ ಕೊನೆಯ ಪುಟದಲ್ಲಿಯೂ 'ಸರ್ವ ಉದರರೋಗ ನಿವಾರಕ' ಚೂರ್ಣವೊಂದರ ಜಾಹೀರಾತು ಹಿಂದೆ ಅಚ್ಚಾಗಿದೆ. ಮುಂದಿನ ಪುಟದಲ್ಲಿ ಶೋಷಣೆಯ ವಿರುದ್ಧ ಬರೆದು ಹಿಂದಿನ ಪುಟವನ್ನು ಮಾರಿಕೊಂಡದ್ದು ನಾಚಿಕೆಗೇಡು. ಇನ್ನು ಮುಂದೆ ರೋಗ ವಾಸಿಮಾಡುವ ಭರವಸೆಯ ಯಾವ ಜಾಹೀರಾತನ್ನೂ ತೆಗೆದುಕೊಳ್ಳುವುದಿಲ್ಲ. ನಷ್ಟವಾದರೆ ಆಗಲಿ, ಚಂದಾದಾರರು ಕೈಬಿಡಲಾರರೆಂಬ ನಂಬಿಕೆ ನಮಗಿದೆ.

ನಮ್ಮ ಬೇಡಿಕೆಗಳು ಇವು. ಔಷಧದ ಮೂಲ ಹೆಸರು, ಎಷ್ಟು ದಿನ, ಯಾರು ತೆಗೆದುಕೊಳ್ಳಬಾರದು ಎಂಬುದು ಡಬ್ಬಿಯ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕು. ಹೊರದೇಶದಲ್ಲಿ ಹಿಂತೆಗೆದ ಔಷಧ ನಮ್ಮಲ್ಲಿ ಏಕೆ ಮಾರಾಟದಲ್ಲಿದೆ ಎಂದು ಸರಕಾರ ಕಾರಣ ಕೊಡಬೇಕು. ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುವವರು ಇರಬೇಕು. ಯಂತ್ರವಿದ್ದು ಜನವಿಲ್ಲದಿದ್ದರೆ ಪ್ರಯೋಜನವೇನು? ಗಿರಣಿಗಳಲ್ಲಿ ಊಟದ ವಿರಾಮ, ಕ್ಯಾಂಟೀನು, ಕುಡಿಯುವ ನೀರಿನ ತಪಾಸಣೆ ನಡೆದು ವರದಿ ಬಹಿರಂಗವಾಗಬೇಕು.

ಅಂಗಡಿಕಾರ ಬಂಧುಗಳಲ್ಲಿ ಒಂದು ವಿನಂತಿ. ಪೊಟ್ಟಣ ಮಾರಬೇಡಿರೆಂದು ನಾವು ಹೇಳುವುದಿಲ್ಲ; ನಾಲ್ಕಾಣೆ ಲಾಭಕ್ಕೆ ಕುಳಿತವರ ಮೇಲೆ ಕಂಪನಿಗಳ ಪಾಪವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಬೆವರುತ್ತ ಎದೆ ಹಿಡಿದುಕೊಂಡು ಬಂದವನಿಗೆ ಪೊಟ್ಟಣ ಹರಿದುಕೊಡಬೇಡಿ, ಆಟೋ ಕರೆಯಿರಿ. ದಿನಾ ಬಂದು ಕೇಳುವವನಿಗೆ, "ಅಣ್ಣ, ಎಷ್ಟು ದಿನವಾಯಿತು? ಡಾಕ್ಟರಿಗೆ ತೋರಿಸಿದೆಯಾ?" ಎಂದು ಒಂದು ಮಾತು ಕೇಳಿ. ಕಾಮಗಾರ ಬಂಧುಗಳೇ, ಮುಂದಿನ ಸಂಘದ ಸಭೆಯ ಕಾರ್ಯಸೂಚಿಯಲ್ಲಿ ಬೋನಸ್ಸಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಊಟದ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಗೆದ್ದರೆ, ಗಿರಣಿ ಬಾಗಿಲಿನ ಆ ಮಾಲೆಯಲ್ಲಿ ಎಷ್ಟೋ ಪೊಟ್ಟಣಗಳು ಹರಿಯದೆ ಉಳಿದಾವು.